ಇಂದುಮತಿಯ ಗಳ

ನಮ್ಮೂರಿನಲ್ಲಿ ಗಳ ನೆಡುವವಳು ನಾನು. ನಮ್ಮಪ್ಪನೂ ಅದನ್ನೇ ಮಾಡುತ್ತಿದ್ದ, ಅವರಪ್ಪನೂ ಅದನ್ನೇ. ಮಗುವಿಗೆ ಹೆಸರಿಡುವ ದಿನ ಬೆಳಿಗ್ಗೆ ಆ ಮನೆಯ ಮುಂದೆ ಮೊಳದಾಳ ಗುಂಡಿ ತೋಡಿ, ಬೆಂಕಿಗೆ ಹಿಡಿದು ನೇರ ಮಾಡಿದ ಬಿದಿರು ಗಳ ನೆಟ್ಟು, ತುದಿಗೆ ಮೂರು ಅಡ್ಡಕಡ್ಡಿ ಬಿಗಿದು ಬರುವುದು ನನ್ನ ಕೆಲಸ. ಮದುವೆಯಾದ ಹೆಣ್ಣಿನ ಗಳ ಕಿತ್ತು ಗಂಡನ ಮನೆ ಮುಂದೆ ನೆಡುವುದೂ ನಾನೇ. ಒಳಗೆ ತೊಟ್ಟಿಲ ಹತ್ತಿರ ಹೆಂಗಸರು ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಿದ್ದ ಹಾಗೇ ಹೊರಗೆ ಗಳದ ಮೇಲೆ ಮೊದಲ ಹಕ್ಕಿ ಬಂದು ಕೂರುತ್ತದೆ. ಇಷ್ಟು ವರ್ಷದಲ್ಲಿ ಐನೂರು ಗಳವನ್ನಾದರೂ ನೆಟ್ಟಿದ್ದೇನೆ. ಆ ಮೊದಲ ಹಕ್ಕಿ ಬರುವ ಗಳಿಗೆಯಲ್ಲಿ ಇವತ್ತಿಗೂ ನನ್ನ ಮೈ ಜುಂ ಅನ್ನುತ್ತದೆ.

ಯಾರಾದರೂ ನಿಮ್ಮನ್ನು ನೆನೆಸಿಕೊಂಡರೆ ನಿಮ್ಮ ಗಳದ ಮೇಲೆ ಒಂದು ಹಕ್ಕಿ ಬರುತ್ತದೆ. ನೆನೆಸಿಕೊಂಡಷ್ಟು ಹೊತ್ತು ಇರುತ್ತದೆ, ಮರೆತರೆ ಹಾರಿಹೋಗುತ್ತದೆ. ಅಷ್ಟೇ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಬೂದು ಹಕ್ಕಿ, ರೆಕ್ಕೆ ಬಿಚ್ಚಿದರೆ ಒಳಗೆಲ್ಲ ನೀಲಿ. ಕೂಗುವುದಿಲ್ಲ, ಕಾಳು ತಿನ್ನುವುದಿಲ್ಲ. ಯಾರ ನೆನಪಿನದು ಅಂತ ಹೇಳೋಕೆ ಆಗುವುದಿಲ್ಲ, ಎಲ್ಲ ಒಂದೇ ಥರ. ಪ್ರೀತಿಯಿಂದ ನೆನೆದರೂ ಬರುತ್ತದೆ, ಹಿಡಿಶಾಪ ಹಾಕುತ್ತಾ ನೆನೆದರೂ ಬರುತ್ತದೆ. ಗಳ ನೆಟ್ಟವರು ನೆನೆದರೆ ಮಾತ್ರ ಆ ಗಳಕ್ಕೆ ಬರುವುದಿಲ್ಲ. ಸತ್ತವರ ಗಳವನ್ನು ನಾವು ಕೀಳುವುದಿಲ್ಲ, ಗೆದ್ದಲು ಹಿಡಿದು ತಾನೇ ಬೀಳುತ್ತದೆ. ಬಿದ್ದ ಮೇಲೂ ಹಕ್ಕಿ ಬರುವುದು ನಿಲ್ಲುವುದಿಲ್ಲ ನೋಡಿ, ಗಳದ ತುದಿ ಇದ್ದ ಎತ್ತರದಲ್ಲಿ ಬರಿಗಾಳಿಯ ಮೇಲೆ ಕೂತಿರುತ್ತದೆ. ನಮ್ಮಪ್ಪ ಹೋಗಿ ಹದಿನೆಂಟು ವರ್ಷವಾಯಿತು. ನಾನು ಅಂಗಳದಲ್ಲಿ ಬಿದಿರು ಸೀಳುವಾಗೆಲ್ಲ ತಲೆಯ ಮೇಲೆ, ಏನೂ ಇಲ್ಲದ ಕಡೆ, ಒಂದು ಹಕ್ಕಿ ಕಾಲೂರಿ ಕೂತಿರುತ್ತದೆ.

ಇಂಥ ಊರಲ್ಲಿ ಬದುಕುವುದಕ್ಕೆ ಹಿರಿಯರು ಒಂದಿಷ್ಟು ಕಟ್ಟುಪಾಡು ಮಾಡಿಟ್ಟಿದ್ದಾರೆ. ಬೆಳಿಗ್ಗೆ ಮುಖ ತೊಳೆದು ಒಂದು ಕೆಲಸ ಮುಗಿಸುವವರೆಗೆ ತನ್ನ ಗಳದ ಕಡೆ ತಲೆ ಎತ್ತಬಾರದು. ಪಕ್ಕದವರ ಗಳ ಎಣಿಸಿ ಬಾಯಿಬಿಟ್ಟು ಹೇಳಬಾರದು. ಎಣಿಸದೆ ಯಾರು ಬಿಡುತ್ತಾರೆ, ನಾನೂ ಎಣಿಸುತ್ತೇನೆ, ಆದರೆ ಹೇಳುವುದಿಲ್ಲ. ಮಕ್ಕಳ ಗಳವನ್ನು ಮಾತ್ರ ಯಾರು ಬೇಕಾದರೂ ನೋಡಬಹುದು. ಅದರ ಮೇಲೆ ಒಂದು ಹಕ್ಕಿ ಇದ್ದೇ ಇರುತ್ತದಲ್ಲ, ತಾಯಿ ನಿದ್ದೆಯಲ್ಲಿದ್ದರೂ ಅದು ಕದಲುವುದಿಲ್ಲ.

ಇಂದುಮತಿ ನಮ್ಮ ಬೀದಿಯ ನಾಲ್ಕನೇ ಮನೆಯವಳು. ಗಂಡ ಚೆನ್ನಿಗಪ್ಪ ಬಳೆ ಮಾರುವವನು, ಬಳೆಗಂಟಿನ ಮಲಾರ ಹೊತ್ತು ಊರೂರು ತಿರುಗಿ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮಗಳು ಬಕುಳ, ಏಳು ವರ್ಷ, ಮುಂದಿನ ಹಲ್ಲೆರಡೂ ಬಿದ್ದಿದ್ದವು. ಇಂದುಮತಿ ಹಪ್ಪಳ ಸಂಡಿಗೆ ಮಾಡಿ ಕೊಡುತ್ತಿದ್ದಳು. ಕೈರುಚಿ ಚೆನ್ನಾಗಿತ್ತು, ಮಾತು ಕಡಿಮೆ. ಎಷ್ಟು ಕಡಿಮೆ ಅಂದರೆ ಮದುವೆ ಮನೆಗೆ ಬಂದು ಊಟ ಮಾಡಿ ಹೋದವಳನ್ನು ಮಾರನೇ ದಿನ ‘ನೀನ್ಯಾಕೆ ಬರಲಿಲ್ಲ’ ಅಂತ ಕೇಳುವವರಿದ್ದರು. ಆರು ಜನ ಹೆಣ್ಣುಮಕ್ಕಳಲ್ಲಿ ಐದನೆಯವಳು ಅವಳು. ಅವಳ ತಾಯಿ ಅವಳನ್ನು ಕರೆಯುವಾಗ ಮೊದಲು ನಾಲ್ಕು ಅಕ್ಕಂದಿರ ಹೆಸರು ಕೂಗಿ, ಆಮೇಲೆ ಇವಳ ಹೆಸರಿಗೆ ಬರುತ್ತಿದ್ದಳಂತೆ. ಒಂದೊಂದು ಸಲ ಅಲ್ಲಿಗೆ ಬರುವ ಮುಂಚೆಯೇ ‘ಹೋಗ್ಲಿ ಬಿಡು’ ಅನ್ನುತ್ತಿದ್ದಳಂತೆ. ಇದನ್ನೆಲ್ಲ ಇಂದುಮತಿಯೇ ನಗುತ್ತಾ ಹೇಳಿದ್ದು. ಆಗ ನಾನೂ ನಕ್ಕಿದ್ದೆ.

ಅವಳ ಗಳದ ಮೇಲೆ ದಿನಾ ಎರಡು ಹಕ್ಕಿ. ಒಂದು ಮಗಳದು, ಒಂದು ಬೇರೆ ಯಾವುದೋ ಊರಿನ ಬೀದಿಯಲ್ಲಿ ಬಳೆ ಕೂಗುತ್ತಿದ್ದ ಗಂಡನದು. ಎರಡನ್ನೇ ನೋಡಿಕೊಂಡು ಅವಳು ಹಾಯಾಗಿದ್ದಳು.

ಆ ಬೇಸಿಗೆಯ ಹೊಸದರಲ್ಲಿ ಅದೊಂದು ಘಟನೆ ನಡೆಯಿತು. ಗಂಡನ ಎರಡು ಹಳೇ ಪಂಚೆ ಸೇರಿಸಿ ಹೊಲಿದು, ಮಾಳಿಗೆಯ ಮೇಲೆ ಹಾಸಿ, ಅದರ ತುಂಬ ಅಕ್ಕಿ ಸಂಡಿಗೆ ಇಟ್ಟಿದ್ದಳು. ಮಧ್ಯಾಹ್ನ ಎಲ್ಲಿಂದಲೋ ಒಂದು ಸುಂಟರಗಾಳಿ ಬಂತು. ಪಂಚೆಯನ್ನು ಸಂಡಿಗೆ ಸಮೇತ ಎತ್ತಿಕೊಂಡು ಹೊರಟೇಹೋಯಿತು! ಊರ ಮೇಲೆಲ್ಲ ಸಂಡಿಗೆಯ ಮಳೆ. ಮದುವೆ ದಿಬ್ಬಣದಲ್ಲಿ ಹೊರಟಿದ್ದ ಗಂಡಿನ ಪೇಟದ ಮೇಲೆ ಏಳೆಂಟು ಬಿದ್ದವು. ಆಕಳಿಸೋಕೆ ಬಾಯಿ ತೆರೆದಿದ್ದ ಹೆಡ್‌ಮೇಷ್ಟ್ರು ಅನಂತಯ್ಯನವರ ಬಾಯಿಗೇ ಒಂದು ಬಿತ್ತು, ಅವರು ಏನೂ ತೋಚದೆ ಅದನ್ನು ಅಗಿದು ನುಂಗಿಬಿಟ್ಟರು. ಹಿಂದೆಯೇ ನಮ್ಮ ಇಂದುಮತಿ, ಸೀರೆ ಎತ್ತಿ ಕಟ್ಟಿಕೊಂಡು, ಸಂತೆಬೀದಿಯಲ್ಲಿ ಓಡುತ್ತಾ, ಆಕಾಶದಲ್ಲಿ ಹೋಗುತ್ತಿದ್ದ ಪಂಚೆಗೆ ಬಯ್ಯುತ್ತಿದ್ದಾಳೆ: “ಏಯ್ ನಿಲ್ಲೋ! ಉಪ್ಪು ಜೀರಿಗೆ ಹಾಕಿ ಸಾಕಿದೋಳು ನಾನು ಕಣೋ! ಯಾರ ಮನೆಗೆ ಹೊರಟೆ?”

ಊರು ಬಿದ್ದು ಬಿದ್ದು ನಕ್ಕಿತು. ನಾನಂತೂ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟೆ. ಸಂಜೆ ನಮ್ಮ ಬೀದಿಗೆ ಬಂದು ನೋಡುತ್ತೇನೆ, ಇಂದುಮತಿಯ ಗಳ ಕಾಣಿಸುತ್ತಲೇ ಇಲ್ಲ. ಬುಡದಿಂದ ತುದಿಯವರೆಗೆ ಹಕ್ಕಿ. ಅಡ್ಡಕಡ್ಡಿಯಲ್ಲಿ ಜಾಗವಿಲ್ಲದೆ ಗಳಕ್ಕೇ ಉಗುರೂರಿ ಜೋತಿದ್ದವು, ಗಾಳಿ ಬೀಸಿದಾಗ ಒಟ್ಟಿಗೆ ರೆಕ್ಕೆ ಬಿಚ್ಚಿ ಗಳಕ್ಕೆ ಗಳವೇ ನೀಲಿಯಾಗುತ್ತಿತ್ತು. ಮುನ್ನೂರಕ್ಕೆ ಕಡಿಮೆಯಿಲ್ಲ. ಇಂದುಮತಿ ಬಾಗಿಲಲ್ಲಿ ನಿಂತಿದ್ದಳು, ಎರಡು ಕೈಯನ್ನೂ ಕೆನ್ನೆಗೆ ಒತ್ತಿಕೊಂಡು, ಬಾಯಿ ತೆರೆದುಕೊಂಡು. ನನ್ನನ್ನು ನೋಡಿದವಳೇ, “ದೇವೀರಕ್ಕ, ಇವೆಲ್ಲಾ ನನಗಾ?” ಅಂದಳು. ಹೌದು ಕಣೇ ನಿನಗೇ ಅಂದೆ. ಅವಳ ಕಣ್ಣಲ್ಲಿ ಬಳಬಳ ನೀರು ಸುರಿಯಿತು.

ಮಾರನೇ ದಿನ ಇನ್ನೂರಿದ್ದವು. ಮೂರನೇ ದಿನ ತೊಂಬತ್ತು. ವಾರ ಕಳೆಯುವಷ್ಟರಲ್ಲಿ ಹನ್ನೆರಡು. ಹದಿನೈದು ದಿನಕ್ಕೆ ಮತ್ತೆ ಅದೇ ಎರಡು. ಅದೇ ಎರಡೇ, ಆದರೆ ಇಂದುಮತಿಗೆ ಈಗ ಅವು ಕಣ್ಣಿಗೇ ಬೀಳುತ್ತಿರಲಿಲ್ಲ.

ಒಂದು ದಿನ ಅವಳು ತಾನೇ ಪಂಚೆ ತುಂಬ ಸಂಡಿಗೆ ಹಾಕಿಕೊಂಡು ಮಾಳಿಗೆಯಿಂದ ಕೊಡವಿದಳು. ಗಾಳಿಯೇ ಇರಲಿಲ್ಲ. ಪಂಚೆ ದೊಪ್ಪನೆ ಹಿಂದಿನ ಮನೆಯ ಎಮ್ಮೆಯ ಮೇಲೆ ಬಿತ್ತು. ಎಮ್ಮೆ ಅದನ್ನು ಹೊದ್ದುಕೊಂಡೇ ಎರಡು ಬೀದಿ ಓಡಿತು, ಅಷ್ಟಕ್ಕೆ ಇಪ್ಪತ್ತು ಹಕ್ಕಿ ಬಂದವು. ಆಮೇಲೆ ಹಣೆ ತುಂಬ ಕುಂಕುಮ ಬಳಿದುಕೊಂಡು ಸಂತೆಗೆ ಹೋದಳು, ಹದಿನೈದು. ಕೊನೆಗೆ ಶಾಲೆಯ ಮುಂದೆ ನಿಂತು, ಎಲ್ಲರೆದುರು, ಆ ಪಾಪದ ಅನಂತಯ್ಯನವರನ್ನು “ನನ್ನ ಸಂಡಿಗೆ ನುಂಗಿದ ಕಳ್ಳ” ಅಂತ ಬಾಯಿಗೆ ಬಂದ ಹಾಗೆ ಬೈದಳು. ಮುದುಕ ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಊರು ಛೀ ಥೂ ಅಂತ ಉಗಿಯಿತು. ನೂರೈವತ್ತು ಹಕ್ಕಿ! ಛೀ ಅಂದವರ ಹಕ್ಕಿಗಳೂ ಹಾಗೇ ಮೆತ್ತಗೆ ಬಂದು ಕೂತವು, ಅವುಗಳ ರೆಕ್ಕೆಯೊಳಗೂ ಅದೇ ನೀಲಿ. ಇಂದುಮತಿ ಬಯ್ಯಿಸಿಕೊಂಡು ಬಂದವಳು ಅಂತ ಯಾರೂ ಹೇಳುವ ಹಾಗಿರಲಿಲ್ಲ, ಮುಖ ಅಷ್ಟು ಅರಳಿತ್ತು.

ನನ್ನ ತಪ್ಪೂ ಇದೆ. ಅವಳು ಬಂದು, “ದೇವೀರಕ್ಕ, ನನ್ನ ಗಳ ಗಿಡ್ಡ ಆಯ್ತು, ದೂರದಿಂದ ಯಾರಿಗೂ ಕಾಣಲ್ಲ. ಉದ್ದದ್ದು ಕಟ್ಟಿಕೊಡಿ, ಕಡ್ಡಿ ಜಾಸ್ತಿ ಹಾಕಿ” ಅಂದಾಗ ನಾನು ಇಲ್ಲ ಅನ್ನಬಹುದಿತ್ತು. ಎತ್ತರಕ್ಕೂ ಹಕ್ಕಿಗೂ ಸಂಬಂಧವಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕಟ್ಟಿಕೊಟ್ಟೆ. ಊರಿನಲ್ಲೇ ಉದ್ದದ ಗಳ, ನಲವತ್ತು ಕಡ್ಡಿ. ನೆಟ್ಟು ಮುಗಿಸಿ ದೂರ ನಿಂತು ನೋಡಿ ನಾನೇ ಬೀಗಿದೆ. ನನ್ನ ಕೈಕೆಲಸವನ್ನು ಊರು ಮೆಚ್ಚಲಿ, ನನ್ನ ಗಳಕ್ಕೂ ನಾಲ್ಕು ಹಕ್ಕಿ ಬರಲಿ ಅನ್ನೋ ಆಸೆ ನನಗೂ ಇತ್ತಲ್ಲ.

ಅಲ್ಲಿಂದ ಅವಳು ಆ ಗಳದ ಕೆಳಗೇ ಬಿದ್ದುಕೊಂಡಳು. ಜಗಲಿಯ ಮೇಲೆ ಚಾಪೆ ಹಾಕಿ, ಗೋಡೆಗೆ ಒರಗಿ, ಕತ್ತು ಮೇಲೆತ್ತಿ ಕೂತರೆ ಕೂತಳು. ಅಕ್ಕಿ ನೆನೆಹಾಕಿದ್ದು ಹುಳಿ ಬಂದು ನೊರೆಯುಕ್ಕಿತು. ಎದುರುಮನೆಯ ಗಿರಿಜಾಂಬಳ ಗಳದ ಮೇಲೆ ಐದು ಹಕ್ಕಿ ಜಾಸ್ತಿ ಕಂಡರೆ ಅವತ್ತು ಊಟ ಸೇರುತ್ತಿರಲಿಲ್ಲ. ಕಾಗೆ ಹಾರಿದರೂ, ಒಣಗಿದ ಎಲೆ ಉದುರಿದರೂ, “ಬಂತಾ?” ಅಂತ ಬೆಚ್ಚುತ್ತಿದ್ದಳು. ನಾನು ಆ ಕಡೆ ಹೋದಾಗೆಲ್ಲ ಗದರಿಸುತ್ತಿದ್ದೆ.

“ಇಂದುಮತಿ, ಒಲೆ ಮೇಲಿಟ್ಟಿರೋದು ಸೀದ ವಾಸನೆ ಬರ್ತಿದೆ. ಎದ್ದೇಳೇ.”

“ಬಂದೆ ಇರಿ ದೇವೀರಕ್ಕ. ಈಗ ತಾನೇ ಒಂದು ಬಂತು, ಇನ್ನೊಂದು ಬರೋ ಹಾಗಿದೆ.”

“ಬಂದ್ರೆ ಬರುತ್ತೆ, ನೀನು ಒಳಗೆ ಹೋಗಿ ಬಾ.”

“ನಾನು ಒಳಗಿದ್ದಾಗ ಬಂದು ಹೊರಟುಹೋದ್ರೆ? ನನಗೆ ಗೊತ್ತೇ ಆಗಲ್ವಲ್ಲ!” ಅಂತ ಅವಳು ಹೇಳುವಾಗ ಕಣ್ಣು ನನ್ನ ಮೇಲಿರಲಿಲ್ಲ. “ನಿಮಗೆ ಅರ್ಥ ಆಗಲ್ಲ ದೇವೀರಕ್ಕ. ಮೂವತ್ತೆರಡು ವರ್ಷ ನಾನೊಬ್ಬಳು ಇದ್ದೀನಿ ಅಂತ ಯಾರಿಗೂ ಗೊತ್ತಿರಲಿಲ್ಲ. ಆವತ್ತು ಒಂದು ದಿನ ಗೊತ್ತಾಯ್ತು. ಈಗ ಮತ್ತೆ ಮರೀತಿದ್ದಾರೆ. ಒಂದೊಂದು ಹಾರಿಹೋದಾಗ್ಲೂ ನಾನು ಅಷ್ಟಷ್ಟೇ ಇಲ್ಲವಾಗ್ತಿದ್ದೀನಿ ಅನ್ಸುತ್ತೆ.”

ನಾನು ಮುಖ ತಿರುಗಿಸಿದೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ಪಕ್ಕದ ಪುಟ್ಟ ಗಳ. ಬಕುಳನದು. ಏಳು ವರ್ಷದ ಹಿಂದೆ ನಾನೇ ನೆಟ್ಟದ್ದು, ಮೂರೇ ಕಡ್ಡಿ. ಅದರ ಮೇಲೆ ಒಂದು ಹಕ್ಕಿಯೂ ಇರಲಿಲ್ಲ.

ಮಕ್ಕಳ ಗಳ ಬರಿದಾಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ತಾಯಿ ಸತ್ತ ಮಕ್ಕಳಿಗೂ ಅಜ್ಜಿಯದೋ ಅತ್ತೆಯದೋ ಒಂದು ಇದ್ದೇ ಇರುತ್ತದೆ. ಚೆನ್ನಿಗಪ್ಪ ಎಲ್ಲೋ ವ್ಯಾಪಾರದ ಗಲಾಟೆಯಲ್ಲಿದ್ದನೋ ಏನೋ. ಆದರೆ ತಾಯಿ? ಹೆತ್ತ ತಾಯಿ ಮೂರು ಮಾರು ದೂರದಲ್ಲಿ ಕೂತಿದ್ದಾಳೆ, ಮಗು ಅವಳ ಪಕ್ಕದ ಮೆಟ್ಟಿಲ ಮೇಲೇ ಕೂತಿದೆ, ಗಳ ಬೋಳು!

“ಇಂದುಮತಿ, ಮಗಳ ಗಳ ನೋಡು. ಬೇರೆ ಮಾತು ಬೇಡ, ನೋಡು ಅಷ್ಟೇ” ಅಂದೆ.

ಅವಳು ನೋಡಿದಳು. ಮುಖದ ಬಣ್ಣ ಇಳಿಯಿತು. ಅವಳು ನೋಡುತ್ತಿದ್ದ ಹಾಗೇ ಒಂದು ಹಕ್ಕಿ ಬಂದು ಬಕುಳನ ಗಳದ ಮೇಲೆ ಕೂತಿತು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಉದ್ದದ ಗಳದ ತುದಿಯಲ್ಲಿ ಏನೋ ಪಟಪಟ ಅಂದಿತು, ಅವಳ ಕಣ್ಣು ಜಾರಿ ಆ ಕಡೆ ಹೋಯಿತು, ಮಗಳ ಹಕ್ಕಿ ಹಾರಿಹೋಯಿತು. ಇದನ್ನು ನಾನು ಕಣ್ಣಾರೆ ಕಂಡೆ. ಬಕುಳನೂ ಕಂಡಳು.

ಮಗು ಅಳಲಿಲ್ಲ. ಅತ್ತಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಹಿಂದೆಯೇ ಬೀದಿಯ ತಿರುವಿನವರೆಗೆ ಬಂದು, ಸೆರಗು ಜಗ್ಗಿ, ಹಲ್ಲಿಲ್ಲದ ಬಾಯಿಯಲ್ಲಿ ಮೆಲ್ಲಗೆ ಕೇಳಿದಳು: “ದೇವೀರಜ್ಜಿ, ಅವ್ವಂಗೆ ಎಷ್ಟು ಬಂದ್ರೆ ಸಾಕಾಗುತ್ತೆ?”

ನನಗೋ ಕೋಪ ನೆತ್ತಿಗೇರಿತ್ತು. “ಊರಿಗೆ ಊರೇ ಒಂದೇ ಸಲ ನೆನೆಸ್ಕೊಂಡ್ರೆ ಎದ್ದು ಒಳಗೆ ಬರ್ತಾಳೇನೋ ಮಹಾರಾಣಿ!” ಅಂದುಬಿಟ್ಟೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ಮಗುವಿನ ಹತ್ತಿರ ಆಡುವ ಮಾತೇ ಅದು? ಬಕುಳ ತಲೆಯಾಡಿಸಿದಳು, ಅಂಗಡಿಗೆ ಹೋಗಿ ಬೆಲ್ಲ ತಾ ಅಂದರೆ ತಲೆಯಾಡಿಸುವ ಹಾಗೆ.

ಮಾರನೇ ದಿನ ಸಂತೆ. ನಾನು ಬಿದಿರು ಬುಟ್ಟಿ ಹರಡಿಕೊಂಡು ಕೂತಿದ್ದೆ. ನೋಡುತ್ತೇನೆ, ಬಕುಳ ಒಬ್ಬೊಬ್ಬರ ಹತ್ತಿರವೂ ಹೋಗಿ ಕೈಹಿಡಿದು ಜಗ್ಗುತ್ತಿದ್ದಾಳೆ. “ನಮ್ಮವ್ವನ್ನ ಸ್ವಲ್ಪ ನೆನೆಸ್ಕೊಳ್ಳಿ.” ಬದನೆಕಾಯಿಯವನು, “ಯಾರು ತಾಯಿ ನಿಮ್ಮವ್ವ?” ಅಂದ. “ಸಂಡಿಗೆ ಹಾರಿಸಿದ್ರಲ್ಲ, ಅವರು.” ಅವನು ಓಹೋ ಅಂತ ನಕ್ಕ. ದೂರದಲ್ಲಿ ಮನೆಗಳ ಮೇಲೆ ಎದ್ದು ಕಾಣುತ್ತಿದ್ದ ಆ ಉದ್ದದ ಗಳದ ಮೇಲೆ ಒಂದು ಚುಕ್ಕೆ ಕೂತಿತು. ಮಗು ಆ ಕಡೆ ನೋಡಿ ಕುಣಿಯಿತು. ಆದರೆ ಅವಳು ಪಕ್ಕದ ಉಪ್ಪಿನವಳನ್ನು ಕೇಳಿ ತಿರುಗುವಷ್ಟರಲ್ಲಿ ಬದನೆಕಾಯಿಯವನು ತೂಕದ ಜಗಳದಲ್ಲಿ ಎಲ್ಲ ಮರೆತಿದ್ದ, ಚುಕ್ಕೆ ಹಾರಿಹೋಗಿತ್ತು. ಒಂದು ಬಂದರೆ ಒಂದು ಹೋಗುತ್ತಿತ್ತು. ನನ್ನ ಹತ್ತಿರವೂ ಬಂದಳು. “ಅಜ್ಜೀ, ನೀನು ಬಿಡಬೇಡ, ಹಾಗೇ ನೆನೆಸ್ಕೊಂಡಿರು” ಅಂದಳು. “ಸಾಕು ಬಾ ಮಗ, ಬಿಸಿಲು, ಕೂತ್ಕೋ” ಅಂದೆ. “ಎಲ್ಲಾರೂ ಒಂದೇ ಸಲ ನೆನೆಸ್ಕೋಬೇಕು ಅಂದ್ಯಲ್ಲ” ಅಂದವಳೇ ಗುಂಪಿನಲ್ಲಿ ನುಸುಳಿಹೋದಳು. ಅವಳ ಮನೆಗೆ ಹೋಗಿ ತಾಯಿಯನ್ನು ಎಬ್ಬಿಸಿ ಕರೆದುಕೊಂಡೇ ಬರೋಣ ಅಂತ ನಾನು ಬುಟ್ಟಿಗಳನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದೆ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಸಂತೆಯ ಕಡೆಯಿಂದ ಒಂದು ಎಳೇ ಕೂಗು ಕೇಳಿಸಿತು. ಏನಂತ ತಿಳಿಯಲಿಲ್ಲ. ಇಂದುಮತಿ ಜಗಲಿಯ ಮೇಲೆ ಅದೇ ಭಂಗಿಯಲ್ಲಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ ಬೀದಿಯ ಬೆಳಕು ಮಂಕಾಯಿತು.

ಬಂದವು. ಹೇಗೆ ಹೇಳಲಿ! ಹತ್ತಲ್ಲ, ನೂರಲ್ಲ, ಆಕಾಶದ ನಾಲ್ಕೂ ಮೂಲೆಯಿಂದ, ಸದ್ದಿಲ್ಲದೆ, ನೀಲಿ ನೀಲಿಯಾಗಿ ಇಳಿದವು. ನಲವತ್ತು ಕಡ್ಡಿಯೂ ತುಂಬಿತು, ಗಳ ತುಂಬಿತು, ಹಕ್ಕಿಯ ಮೇಲೆ ಹಕ್ಕಿ ಕೂತವು, ಆಮೇಲೆ ಗಳದ ಸುತ್ತ ಬರಿಗಾಳಿಯಲ್ಲೇ ಸಾಲುಸಾಲಾಗಿ ಕೂತವು. ಅಷ್ಟು ರೆಕ್ಕೆಗಳ ತಂಗಾಳಿ ನನ್ನ ಮುಖಕ್ಕೆ ಬಡಿಯಿತು. ನಾನು ಕೈಮುಗಿದುಬಿಟ್ಟೆ, ಯಾಕೆ ಮುಗಿದೆನೋ ಗೊತ್ತಿಲ್ಲ. ಇಡೀ ಊರು, ಒಂದು ಜೀವ ಬಿಡದೆ, ಒಬ್ಬಳನ್ನೇ ನೆನೆಯುತ್ತಿತ್ತು. ಇಂದುಮತಿ ಎದ್ದು ನಿಂತಳು. ತೋಳು ಚಾಚಿದಳು. “ಬಂದ್ರು ದೇವೀರಕ್ಕ, ಎಲ್ಲಾರೂ ಬಂದ್ರು” ಅಂತ ನಗುತ್ತಾ ಅಳುತ್ತಾ ಗಳದ ಸುತ್ತ ಸುತ್ತಿದಳು. ಆ ಗಳಿಗೆಯಲ್ಲಿ ಅವಳಷ್ಟು ಸುಂದರವಾದ ಹೆಂಗಸನ್ನು ನಾನು ಕಂಡಿಲ್ಲ.

ಆಮೇಲೆ ಒಂದು ಹಕ್ಕಿ ಎದ್ದು ಪಕ್ಕದ ಪುಟ್ಟ ಗಳದ ಮೇಲೆ ಹೋಗಿ ಕೂತಿತು. ಹಿಂದೆಯೇ ಹತ್ತು ಹೋದವು. ಆಮೇಲೆ ಹಿಂಡು ಹಿಂಡಾಗಿ. ನೋಡನೋಡುತ್ತಿದ್ದಂತೆ ಇಂದುಮತಿಯ ಗಳ ಮೇಲಿನಿಂದ ಕೆಳಗೆ ಖಾಲಿಯಾಗುತ್ತಾ ಬಂತು, ಬಕುಳನ ಮೂರು ಕಡ್ಡಿಯ ಗಳ ತುಂಬಿ, ಮೇಲೆ, ಸುತ್ತ, ಅಂಗಳದಾಚೆ ಬೀದಿಯ ಮೇಲೆಲ್ಲ ಹಬ್ಬಿತು.

ಇಂದುಮತಿಯ ಮುಖ ನೋಡಿದೆ. ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ. ಆ ಮುಖದಲ್ಲಿ ಇದ್ದದ್ದು ಹೊಟ್ಟೆಕಿಚ್ಚು. “ಅಲ್ಲಲ್ಲ, ಇಲ್ಲಿ! ಅಲ್ಯಾಕೆ ಹೋಗ್ತೀರ!” ಅಂತ ಓಡಿಹೋಗಿ, ಮಗಳ ಗಳದ ಕೆಳಗೆ ನಿಂತು, ಎರಡು ಕೈ ಚಪ್ಪಾಳೆ ತಟ್ಟಿ, “ಹುಶ್! ಹುಶ್!” ಅಂತ ಓಡಿಸತೊಡಗಿದಳು. ಹೆತ್ತ ಮಗಳ ಹಕ್ಕಿಗಳನ್ನು. ಒಂದೂ ಅಲುಗಲಿಲ್ಲ.

ಮೂರನೇ ಸಲ ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

ನನಗೂ ಆಗಲೇ ಹೊಳೆದದ್ದು. ಊರಿಗೆ ಊರೇ ಒಂದು ಏಳು ವರ್ಷದ ಮಗುವನ್ನು ಒಟ್ಟಿಗೆ ನೆನೆಯುವುದು ಯಾವಾಗ? ಹಿಂದೊಮ್ಮೆ ಕುಂಬಾರರ ಮಗು ಬಾವಿಗೆ ಬಿದ್ದಾಗ ಹೀಗೇ ಆಗಿತ್ತು. ಮೊದಲು ಹಕ್ಕಿ ಬಂದವು, ಆಮೇಲೆ ಸುದ್ದಿ ಬಂತು.

“ದೇವೀರಕ್ಕ,” ಅಂದಳು ಇಂದುಮತಿ. ಧ್ವನಿ ಅವಳದಲ್ಲ. “ಬಕುಳ ಎಲ್ಲಿ?”

ನಾನು ಉತ್ತರ ಹೇಳುವಷ್ಟರಲ್ಲಿ ಅವಳು ಬೀದಿಯ ಕೊನೆಯಲ್ಲಿದ್ದಳು. ನಾನು ಏದುಸಿರು ಬಿಡುತ್ತಾ ಹಿಂದೆ ಓಡಿದೆ.

ಸಂತೆಮಾಳದ ಮಧ್ಯೆ ಹಳೇ ಕಾಲದ ಕಾವಲು ಗೋಪುರವೊಂದಿದೆ, ಹೂಡೆ ಅನ್ನುತ್ತೇವೆ. ಹೊರಮೈಗೆ ಸುತ್ತಿಕೊಂಡ ಕಲ್ಲಿನ ಮೆಟ್ಟಿಲು ಸಡಿಲವಾಗಿದೆ ಅಂತ ದೊಡ್ಡವರು ಯಾರೂ ಹತ್ತುವುದಿಲ್ಲ. ಬಕುಳ ಹತ್ತಿದ್ದಳು. ತುದಿಯಲ್ಲಿ ನಿಂತು, “ಎಲ್ಲಾರೂ ಕೇಳಿ! ನಮ್ಮವ್ವನ್ನ ನೆನೆಸ್ಕೊಳ್ಳಿ! ಒಂದೇ ಸಲ!” ಅಂತ ಕೂಗಿದ್ದಳು. ಸಂತೆ ತಲೆಯೆತ್ತಿ ನೋಡಿತ್ತು, ಕೂಗಿದ್ದು ಯಾರು ಅಂತ ತಿಳಿದಿತ್ತು, ಅವಳ ಅವ್ವನನ್ನು ನೆನೆದಿತ್ತು. ಇಳಿಯುವಾಗ ಅವಳ ಕಾಲ ಕೆಳಗೇ ನಾಲ್ಕು ಮೆಟ್ಟಿಲು ಕುಸಿದುಬಿದ್ದಿದ್ದವು. ಈಗ ಅವಳು ಗೋಡೆಯಿಂದ ಹೊರಚಾಚಿದ ಒಂದೇ ಒಂದು ಕಲ್ಲನ್ನು ತಬ್ಬಿಕೊಂಡು ಕೂತಿದ್ದಳು, ಕಾಲು ಕೆಳಗೆ ಜೋತಾಡುತ್ತಿತ್ತು. ಗಂಡಸರು ಹಗ್ಗ ತಂದು, ಯಾರು ಹತ್ತಬೇಕು, ಕಲ್ಲು ತಡೆಯುತ್ತದೋ ಇಲ್ಲವೋ ಅಂತ ವಾದ ಮಾಡುತ್ತಿದ್ದರು. ಅನಂತಯ್ಯನವರು ಬಕುಳ ಬಿದ್ದರೆ ಹಿಡಿಯಬೇಕು ಅಂತ ತಮ್ಮ ಪಂಚೆಯನ್ನೇ ಬಿಚ್ಚಿ, ನಾಲ್ಕು ಜನರ ಕೈಗೆ ಕೊಟ್ಟು, ಬರೀ ಚಡ್ಡಿಯಲ್ಲಿ ನಿಂತಿದ್ದರು.

ಇಂದುಮತಿ ಯಾರನ್ನೂ ಕೇಳಲಿಲ್ಲ. ಸೀರೆಯನ್ನು ಕಚ್ಚೆ ಕಟ್ಟಿ ಹತ್ತಿದಳು. ಮೆಟ್ಟಿಲು ಮುಗಿದ ಕಡೆ ಕಲ್ಲುಸಂದಿಗೆ ಬೆರಳು ತೂರಿಸಿ ಮೇಲೇರಿದಳು. ಒಂದು ಕಲ್ಲು ಕಿತ್ತುಬಂದು ಕೆಳಗೆ ಬಿತ್ತು, ಹೆಂಗಸರು ಚೀರಿದರು. ಅವಳು ಕೆಳಗೆ ನೋಡಲಿಲ್ಲ. ಇಡೀ ಊರು ಉಸಿರು ಹಿಡಿದು ಅವಳನ್ನೇ ನೋಡುತ್ತಿತ್ತು, ಅವಳಿಗೆ ಆ ಊರು ಇರಲೇ ಇಲ್ಲ. ಮೇಲೆ ಹೋಗಿ, ಮಗುವನ್ನು ಬೆನ್ನಿಗೆ ಹಾಕಿಕೊಂಡು, ಸೆರಗಿನಿಂದ ಬಿಗಿದು ಕಟ್ಟಿಕೊಂಡು, ಅಂಗುಲ ಅಂಗುಲವಾಗಿ ಇಳಿದಳು. ನೆಲ ಮುಟ್ಟಿದಾಗ ಮೊಣಕಾಲಿನ ಚಿಪ್ಪು ಕಾಣುವ ಹಾಗೆ ತರಚಿತ್ತು, ಉಗುರುಗಳಲ್ಲಿ ರಕ್ತ. ಕುಸಿದು ಕೂತು, ಮಗುವನ್ನು ಮುಂದಕ್ಕೆ ಎಳೆದುಕೊಂಡು, ಮುಖ ಮೂತಿ ಕೈ ಕಾಲು ತಡವಿ ತಡವಿ ನೋಡಿದಳು.

ಬಕುಳ ಬಿಕ್ಕುತ್ತಲೇ ಕೇಳಿದಳು: “ಎಷ್ಟು ಬಂದ್ವವ್ವಾ ನಿಂಗೆ?”

“ನೋಡ್ಲಿಲ್ಲ ಕಣೇ ನಾನು.”

“ನೋಡ್ಲೇ ಇಲ್ವಾ?” ಮಗುವಿನ ತುಟಿ ಸೊಟ್ಟಗಾಯಿತು. “ನಾನು ಅಷ್ಟು ಜೋರಾಗಿ ಕೂಗ್ದೆ!”

ಇಂದುಮತಿ ಅವಳ ಕೆನ್ನೆ ಹಿಡಿದುಕೊಂಡಳು. ಸುತ್ತ ಸಂತೆಗೆ ಸಂತೆಯೇ ನಿಂತಿತ್ತು, ಅವಳು ಯಾರಿಗೂ ನಾಚಲಿಲ್ಲ. “ನೋಡ್ದೆ ಕಂದ. ಸುಳ್ಳು ಹೇಳ್ದೆ. ತುಂಬ ಬಂದ್ವು. ಆಮೇಲೆ ಎಲ್ಲಾ ನಿನ್ನ ಗಳಕ್ಕೆ ಹಾರಿಹೋದ್ವು. ನನಗೆ ಹೊಟ್ಟೆ ಉರೀತು ಕಣೇ, ನಿನ್ನ ಮೇಲೆ. ನಿನ್ನ ಮೇಲೆ ಹೊಟ್ಟೆ ಉರೀತು ನನಗೆ!” ಅಂತ ಹೋ ಎಂದು ಅತ್ತುಬಿಟ್ಟಳು.

ಬಕುಳನ ಅಳು ನಿಂತಿತು. ತಾಯಿಯ ತೊಡೆಯ ಮೇಲೆ ನೆಟ್ಟಗೆ ಕೂತಳು. ಒದ್ದೆ ಕಣ್ಣಲ್ಲಿ ಒಂದು ಹೊಳಪು ಬಂತು. ಆ ಹೊಳಪನ್ನು ನಾನು ಎರಡು ತಿಂಗಳಿಂದ ದಿನಾ ನೋಡುತ್ತಿದ್ದವಳು, ಗುರುತು ಸಿಗದೆ ಇರುತ್ತದೆಯೇ?

“ನನಗಾ? ನನ್ನ ಗಳಕ್ಕಾ? ಎಷ್ಟವ್ವಾ?”

ಇಂದುಮತಿಯೂ ಕಂಡಳು. ಅಷ್ಟು ಎತ್ತರ ಹತ್ತುವಾಗ ಇಲ್ಲದ ಹೆದರಿಕೆ ಆಗ ಅವಳ ಮುಖದಲ್ಲಿ ಕಂಡಿತು. ಎದ್ದಳು. ಮಗಳನ್ನು ಸೊಂಟಕ್ಕೇರಿಸಿ, ಸೆರಗು ಎಳೆದು ಅವಳ ತಲೆ ಮುಖ ಎಲ್ಲ ಮುಚ್ಚಿ, “ಬಿಸಿಲು, ಹೀಗೇ ಮಲಕ್ಕೋ” ಅಂದು ಮನೆಯ ಕಡೆ ಕುಂಟುತ್ತಾ ನಡೆದಳು. ನಾನು ಪಕ್ಕದಲ್ಲೇ ಹೋದೆ.

ನಮ್ಮ ಬೀದಿಗೆ ತಿರುಗಿದಾಗ ಕಂಡದ್ದನ್ನು ಸಾಯುವವರೆಗೂ ಮರೆಯುವುದಿಲ್ಲ. ಸಂತೆಯವರೆಲ್ಲ ಇನ್ನೂ ಆ ಮಗುವಿನ ಮಾತನ್ನೇ ಆಡುತ್ತಿದ್ದರು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಮಾಳಿಗೆಗಳ ಮೇಲೆ, ತಲೆಯ ಮೇಲೆ, ಹೆಜ್ಜೆಯಿಡುವ ಎತ್ತರದವರೆಗೂ ಗಾಳಿಯಲ್ಲೆಲ್ಲ ಹಕ್ಕಿ. ಎಲ್ಲದರ ನಡುವೆ ಎಲ್ಲೋ ನನ್ನ ಮೂರು ಕಡ್ಡಿಯ ಗಳ. ನಾವು ನಡೆದ ಹಾಗೆ ಅವು ಸರಿದು ದಾರಿ ಬಿಟ್ಟವು, ಹಿಂದೆ ಮತ್ತೆ ಕೂಡಿಕೊಂಡವು. ಒಂದಾದರೂ ಸದ್ದು ಮಾಡಲಿಲ್ಲ. ಇಂದುಮತಿ ನೆಲ ನೋಡುತ್ತಾ ನಡೆದಳು, ಒಂದು ಸಲವೂ ತಲೆಯೆತ್ತಲಿಲ್ಲ. ಮುಂಬಾಗಿಲಿಗೆ ಹೋಗದೆ ಸಂದಿಯಲ್ಲಿ ತಿರುಗಿ ಹಿತ್ತಿಲ ಬಾಗಿಲಿಂದ ಒಳಗೆ ಹೋದಳು. ಕಿಟಕಿ ಮುಚ್ಚಿದಳು. ಒಲೆ ಹಚ್ಚಿ, ಅನ್ನಕ್ಕಿಟ್ಟು, ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ, ಮಗಳನ್ನು ಮುಂದೆ ಕೂರಿಸಿಕೊಂಡಳು.

ಬಕುಳ ಎರಡು ತುತ್ತು ನುಂಗಿ ಮತ್ತೆ ಶುರುಮಾಡಿದಳು. “ಹೇಳವ್ವಾ. ನನಗೆ ಎಷ್ಟು ಬಂದ್ವು?”

ಇಂದುಮತಿ ನನ್ನ ಮುಖ ನೋಡಿದಳು. ಆಮೇಲೆ ಮಗಳ ಮುಖ ನೋಡಿದಳು, ಬಹಳ ಹೊತ್ತು.

“ಒಂದು” ಅಂದಳು.

“ಒಂದೇನಾ?”

“ಹೂಂ. ಒಂದೇ. ನಂದು.”

ಬಕುಳ ನನ್ನ ಕಡೆ ತಿರುಗಿದಳು. “ಹೌದಾ ಅಜ್ಜೀ?”

“ಹೌದು ಕಣವ್ವ” ಅಂದೆ.

ಅವಳು “ಅಷ್ಟೇನಾ” ಅಂತ ಮುಖ ಸಿಂಡರಿಸಿದಳು. ಆಮೇಲೆ ತಾಯಿಯ ಕಡೆ ತಿರುಗಿ ಬಾಯಿ ತೆರೆದಳು, ಇಂದುಮತಿ ತುತ್ತು ಇಟ್ಟಳು.